ದೊಡ್ಡ ಜೇಡಕ್ಕೆ ಹೆದರಬೇಡಿ, ಕಾಣದ ಕಡಿತವನ್ನು ಕಡೆಗಣಿಸಬೇಡಿ

ಜೂನ್ ತಿಂಗಳ ಮೊದಲ ಜಡಿಮಳೆ ಬಿದ್ದ ಮರುದಿನ. ಬೆಳಗ್ಗೆ ಐದೂವರೆ ಗಂಟೆ ಇರಬೇಕು. ನೆರೆಮನೆಯ ಹುಡುಗನ ಫೋನು ಬಂತು.

"ಅಂಕಲ್, ಒಮ್ಮೆ ಬೇಗ ಬನ್ನಿ. ಬಚ್ಚಲಿನ ಗೋಡೆಯಲ್ಲಿ ಅಂಗೈಯಷ್ಟು ದೊಡ್ಡ ಜೇಡ ಉಂಟು. ಮೈಯೆಲ್ಲ ರೋಮ. ಕತ್ತಿಯಲ್ಲಿ ಕಡಿಯುವುದಾ, ಬಿಸಿನೀರು ಹಾಕುವುದಾ?"

"ಎರಡೂ ಬೇಡ. ಬಾಗಿಲು ಎಳೆದುಕೊಂಡು ಹೊರಗೆ ನಿಲ್ಲು. ಬಂದೆ" ಎಂದೆ.

ನಾನು ಹೋಗುವಾಗ ಮನೆಮಂದಿಯೆಲ್ಲ ಅಂಗಳದ ಚಪ್ಪರದ ಅಡಿಯಲ್ಲಿ ನಿಂತಿದ್ದರು. ಹಾಲು ಕರೆಯಲು ಹೊರಟಿದ್ದ ಬಾಯಮ್ಮ ಚೊಂಬು ಹಿಡಿದುಕೊಂಡೇ ನಡುಗುತ್ತಿದ್ದರು. ಹಟ್ಟಿಯಲ್ಲಿ ದನ ಕೂಗುತ್ತಿತ್ತು. ಹುಡುಗ ಅಷ್ಟರಲ್ಲಿ ಫೋಟೋ ತೆಗೆದು ನಾಲ್ಕು ಕಡೆ ಕಳುಹಿಸಿದ್ದ. "ಇದು ಕಚ್ಚಿದರೆ ಅರ್ಧ ಗಂಟೆಯಲ್ಲಿ ಸಾವು" ಎಂಬ ಉತ್ತರವೂ ಬಂದಿತ್ತು. ನಾನು ಹಳೆಯ ಪ್ಲಾಸ್ಟಿಕ್ ಬಕೆಟನ್ನು ಜೇಡದ ಮೇಲೆ ಮೆಲ್ಲನೆ ಕವುಚಿ, ದಪ್ಪ ರಟ್ಟೊಂದನ್ನು ಗೋಡೆಗೂ ಬಕೆಟಿಗೂ ನಡುವೆ ಸರಿಸಿ, ಹಾಗೆಯೇ ಒಯ್ದು ತೋಟದಾಚೆಯ ಹಳೆಯ ಹಲಸಿನ ಮರದ ಬುಡದಲ್ಲಿ ಬಿಟ್ಟು ಬಂದೆ. ಒಟ್ಟು ಹತ್ತು ನಿಮಿಷದ ಕೆಲಸ. ಆಮೇಲೆ ಕಾಫಿ ಕುಡಿಯುತ್ತ ಆ ಮನೆಯವರು ಕೇಳಿದ ಪ್ರಶ್ನೆಗಳಿಗೆ ಉತ್ತರವೇ ಈ ತಿಂಗಳ ಲೇಖನ. ಕಾಸರಗೋಡಿನ ನಮ್ಮ ತೋಟಗಳ ನಡುವೆ ಇರುವ ಎಲ್ಲ ಮನೆಗಳಿಗೂ ಇದು ಬೇಕಾದ ವಿಷಯ.

ಇದು ಯಾವ ಜೇಡ?

ಇದಕ್ಕೆ ಟರಾಂಟುಲಾ ಎಂದು ಹೆಸರು. ಮಲಯಾಳ ಪತ್ರಿಕೆಗಳಲ್ಲಿ 'ಕಡುವಾ ಚಿಲಂದಿ', ಅಂದರೆ ಹುಲಿ ಜೇಡ, ಎಂದು ಬರೆಯುತ್ತಾರೆ. ಲೋಕದಲ್ಲಿ ಇದರ ಸಾವಿರಕ್ಕೂ ಹೆಚ್ಚು ಜಾತಿಗಳಿವೆ. ನಮ್ಮ ಪಶ್ಚಿಮ ಘಟ್ಟದ ಸಾಲಿನಲ್ಲಿ ಮುಖ್ಯವಾಗಿ ಎರಡು ಬಗೆಯವು. ಒಂದು, ಮಣ್ಣಿನ ಬರೆಯಲ್ಲಿ, ಮುರಕಲ್ಲಿನ ಸಂದಿನಲ್ಲಿ ಬಿಲ ಮಾಡಿ, ಒಳಗೆ ನೂಲಿನ ಅಸ್ತರಿ ಹಾಕಿ ಕುಳಿತುಕೊಳ್ಳುವುದು. ಇದು ಹೆಚ್ಚಾಗಿ ಕಂದು ಅಥವಾ ಕಪ್ಪು ಬಣ್ಣದ್ದು. ಇನ್ನೊಂದು, ಹಳೆಯ ಮರದ ಪೊಟರೆಯಲ್ಲಿ, ಬಿಟ್ಟುಕೊಂಡ ತೊಗಟೆಯ ಹಿಂದೆ ಇರುವುದು. ಇದರ ಮೈಮೇಲೆ ಬೂದು, ಕಪ್ಪು, ಬಿಳಿ ಬಣ್ಣದ ಚಿತ್ತಾರ ಇರುತ್ತದೆ. ಕೆಣಕಿದರೆ ಮುಂಗಾಲು ಎತ್ತಿ ಅಡಿಯ ಹಳದಿ ಬಣ್ಣ ತೋರಿಸಿ ಹೆದರಿಸುತ್ತದೆ. ಓಡುವುದರಲ್ಲಿ ಬಲು ಚುರುಕು. ಮರ ಕಡಿದಲ್ಲಿ, ಹಂಚಿನ ಮಾಡು, ಅಟ್ಟ, ಗೋಡೆಯ ಸಂದುಗಳೇ ಇದಕ್ಕೆ ಪೊಟರೆಯಾಗುತ್ತವೆ.

ಮನೆಯ ಗೋಡೆಯಲ್ಲಿ ಕಾಣುವ ದೊಡ್ಡ ಜೇಡಗಳೆಲ್ಲ ಟರಾಂಟುಲಾ ಅಲ್ಲ. ಚಪ್ಪಟೆ ಮೈ, ಅಡ್ಡಕ್ಕೆ ಚಾಚಿದ ತೆಳು ಕಾಲು, ಕೆಲವೊಮ್ಮೆ ಹೊಟ್ಟೆಯ ಅಡಿಯಲ್ಲಿ ಬಿಳಿ ಬಿಲ್ಲೆಯಂತಹ ಮೊಟ್ಟೆಚೀಲ ಹಿಡಿದುಕೊಂಡು ಓಡಾಡುವ ಕಂದು ಜೇಡ ನಮ್ಮ ಮನೆಗಳ ಹಳೆಯ ಒಕ್ಕಲು. ಜಿರಳೆ ಹಿಡಿಯುವುದು ಅದರ ಕಸುಬು. ಅದರಿಂದ ದೊಡ್ಡ ಉಪದ್ರವಿಲ್ಲ. ಟರಾಂಟುಲಾದ ಮೈ ದಪ್ಪ, ಕಾಲೂ ದಪ್ಪ, ಎಲ್ಲೆಡೆ ಒತ್ತಾದ ರೋಮ. ಬಾಯಿಯ ಪಕ್ಕದ ಎರಡು ಅಂಗಗಳೂ ಕಾಲಿನಂತೆಯೇ ಕಾಣುವುದರಿಂದ ಹತ್ತು ಕಾಲಿರುವಂತೆ ತೋರುತ್ತದೆ.

ಮಳೆಗಾಲದಲ್ಲೇ ಮನೆಗೆ ಯಾಕೆ ಬರುತ್ತದೆ?

ಎರಡು ಕಾರಣ. ಮೊದಲನೆಯದು, ಜೋರು ಮಳೆಗೆ ಬಿಲದಲ್ಲಿ ನೀರು ತುಂಬುತ್ತದೆ. ಬರೆ ಕುಸಿದಲ್ಲಿ, ಜೇಸಿಬಿ ತಂದು ಗುಡ್ಡ ತೆಗೆದಲ್ಲಿ ಬಿಲವೇ ಇಲ್ಲದಾಗುತ್ತದೆ. ಎರಡನೆಯದು, ಪ್ರಾಯಕ್ಕೆ ಬಂದ ಗಂಡು ಜೇಡ ತನ್ನ ಬಿಲ ಬಿಟ್ಟು ಹೆಣ್ಣನ್ನು ಹುಡುಕಿಕೊಂಡು ರಾತ್ರಿ ಅಲೆಯುತ್ತದೆ. ನಾವು ಮನೆಯೊಳಗೆ ಕಾಣುವುದು ಹೆಚ್ಚಾಗಿ ಇಂತಹ ದಾರಿಹೋಕ ಗಂಡನ್ನೇ. ಅದರ ಆಯುಷ್ಯ ಕಡಿಮೆ. ಹೆಣ್ಣು ಹತ್ತಕ್ಕೂ ಹೆಚ್ಚು ವರ್ಷ ಬದುಕಿ, ಒಂದೇ ಬಿಲದಲ್ಲಿ ಕಾಲ ಕಳೆಯುವುದುಂಟು.

ಎಂಟು ಕಣ್ಣಿದ್ದರೂ ಇದರ ದೃಷ್ಟಿ ಮಂದ. ನೆಲದ ಅದುರುವಿಕೆಯಿಂದಲೇ ಇದು ಎಲ್ಲವನ್ನೂ ತಿಳಿಯುತ್ತದೆ. ಮನುಷ್ಯನನ್ನು ಅಟ್ಟಿಸಿಕೊಂಡು ಬಂದು ಕಚ್ಚುವ ಪ್ರಾಣಿ ಇದಲ್ಲ. ಮೂಲೆಗೆ ಒತ್ತಿದಾಗ, ಬಟ್ಟೆಯ ಅಥವಾ ಬೂಟಿನ ಒಳಗೆ ಸಿಕ್ಕಿಕೊಂಡಾಗ, ಕೈಯಡಿ ಅಮುಕಿದಾಗ ಮಾತ್ರ ಕಚ್ಚುತ್ತದೆ.

ಕಚ್ಚಿದರೆ ಏನಾಗುತ್ತದೆ?

ಇಲ್ಲಿ ಎರಡು ತಪ್ಪು ಕಲ್ಪನೆಗಳಿವೆ. ಕೆಲವರು ಸತ್ತೇಹೋಗುತ್ತೇವೆ ಎನ್ನುತ್ತಾರೆ. ಕೆಲವರು ಏನೂ ಆಗುವುದಿಲ್ಲ ಎನ್ನುತ್ತಾರೆ. ಎರಡೂ ಸರಿಯಲ್ಲ.

ಇದರ ಹಲ್ಲು ಉದ್ದ. ಕಚ್ಚಿದ ಜಾಗ ತುಂಬ ನೋಯುತ್ತದೆ, ಬಾತುಕೊಳ್ಳುತ್ತದೆ. ಮರದಲ್ಲಿ ಇರುವ ಚಿತ್ತಾರದ ಜಾತಿ ಕಚ್ಚಿದರೆ ಕೆಲವು ಗಂಟೆಗಳ ನಂತರ ಕೈಕಾಲುಗಳ ಸ್ನಾಯು ಸೆಳೆತ ಶುರುವಾಗಿ, ದಿನಗಟ್ಟಲೆ ಮರಳಿ ಮರಳಿ ಬರಬಹುದು. ಇಂತಹ ಕಡಿತಗಳನ್ನು ಒಟ್ಟುಗೂಡಿಸಿ ನೋಡಿದ, 2014ರಲ್ಲಿ ಪ್ರಕಟವಾದ ವೈದ್ಯಕೀಯ ಅಧ್ಯಯನವೊಂದರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿಗೆ ಸ್ನಾಯು ಸೆಳೆತ ಕಂಡುಬಂದಿತ್ತು. ಆದರೆ ಸೂಕ್ತ ಆರೈಕೆಯಿಂದ ಇದು ಗುಣವಾಗುತ್ತದೆ. ಅಮೆರಿಕದ ಟರಾಂಟುಲಾಗಳು ಹೊಟ್ಟೆಯ ರೋಮವನ್ನು ಕೆರೆದು ಎಸೆದು ಮೈ ತುರಿಸುವಂತೆ ಮಾಡುತ್ತವೆ. ನಮ್ಮ ದೇಶದವುಗಳಿಗೆ ಅಂತಹ ರೋಮ ಇಲ್ಲ. "ರೋಮ ತಾಗಿದರೆ ವಿಷ" ಎಂಬ ಮಾತನ್ನು ಬಿಟ್ಟುಬಿಡಿ.

ಕಚ್ಚಿದ ಜಾಗವನ್ನು ಸಾಬೂನು ಹಾಕಿ ನೀರಿನಲ್ಲಿ ಚೆನ್ನಾಗಿ ತೊಳೆಯಿರಿ. ತಣ್ಣೀರಿನಲ್ಲಿ ಅದ್ದಿದ ಬಟ್ಟೆ ಇಡಿ. ಉಂಗುರ, ಬಳೆ ತೆಗೆಯಿರಿ. ವೈದ್ಯರಿಗೆ ತೋರಿಸಿ. ನೋವಿಗೆ ಮದ್ದು, ಬೇಕಾದರೆ ಟಿಟಿ ಇಂಜೆಕ್ಷನ್ ಅವರು ಕೊಡುತ್ತಾರೆ. ಸ್ನಾಯು ಸೆಳೆತ, ಎದೆನೋವು, ಉಸಿರುಕಟ್ಟು ಕಂಡರೆ, ಕಚ್ಚಿಸಿಕೊಂಡವರು ಮಕ್ಕಳು, ಗರ್ಭಿಣಿಯರು, ವಯಸ್ಸಾದವರಾದರೆ ಕೂಡಲೇ ಆಸ್ಪತ್ರೆಗೆ ಹೋಗಬೇಕು. ಜೇಡದ ವಿಷಕ್ಕೆ ಹಾವಿನ ಪ್ರತಿವಿಷ ಕೆಲಸ ಮಾಡುವುದಿಲ್ಲ. ಆ ಮದ್ದು ನಾಗರ, ಕಟ್ಟುಹಾವು, ಕೊಳಕುಮಂಡಲ, ಗರಗಸ ಮಂಡಲ ಎಂಬ ನಾಲ್ಕು ಹಾವುಗಳ ವಿಷಕ್ಕಾಗಿ ಮಾಡಿದ್ದು. ಆದುದರಿಂದ ಕಚ್ಚಿದ್ದು ಯಾವುದು ಎಂದು ವೈದ್ಯರಿಗೆ ಸರಿಯಾಗಿ ತಿಳಿಸುವುದು ಮುಖ್ಯ. ಸಾಧ್ಯವಾದರೆ ದೂರದಿಂದ ಒಂದು ಫೋಟೋ ತೆಗೆಯಿರಿ. ಹಿಡಿಯಲು ಹೋಗಬೇಡಿ.

ಗಾಯ ಕೊಯ್ಯುವುದು, ರಕ್ತ ಹಿಂಡುವುದು, ಬಾಯಲ್ಲಿ ಹೀರುವುದು, ಬಿಗಿಯಾಗಿ ಹಗ್ಗ ಕಟ್ಟುವುದು ಇವು ಯಾವುದೂ ಬೇಡ. 2012ರಲ್ಲಿ ಅಸ್ಸಾಮಿನ ಸದಿಯಾ ಪ್ರದೇಶದಲ್ಲಿ ಟರಾಂಟುಲಾದಂತಹ ದೊಡ್ಡ ಜೇಡಗಳು ಊರೊಳಗೆ ಬಂದು ಕಚ್ಚಿದವೆಂದು ದೊಡ್ಡ ಗದ್ದಲವಾಯಿತು. ಇಬ್ಬರು ತೀರಿಕೊಂಡರೆಂಬ ಸುದ್ದಿ ದೇಶವಿಡೀ ಹರಡಿತು. ಕಚ್ಚಿಸಿಕೊಂಡವರು ಮೊದಲು ಹೋದದ್ದು ಮಂತ್ರವಾದಿಗಳ ಬಳಿಗೆ. ಅವರು ಬ್ಲೇಡಿನಲ್ಲಿ ಗಾಯ ಕೊಯ್ದು ರಕ್ತ ಹರಿಸಿದ್ದರು. ಮರಣೋತ್ತರ ಪರೀಕ್ಷೆ ಆಗದ ಕಾರಣ ಆ ಸಾವುಗಳಿಗೆ ಜೇಡದ ವಿಷವೇ ಕಾರಣ ಎಂದು ಸಾಬೀತಾಗಲಿಲ್ಲ.

ಹೆಸರು ಬಂದ ಕತೆ

ಟರಾಂಟುಲಾ ಎಂಬ ಹೆಸರು ಇಟಲಿಯ ಟರಾಂಟೋ ಪಟ್ಟಣದಿಂದ ಬಂದದ್ದು. ಆ ಸೀಮೆಯಲ್ಲಿ ಗೋಧಿ ಕೊಯ್ಯುವ ರೈತ ಹೆಂಗಸರು "ಜೇಡ ಕಚ್ಚಿತು" ಎಂದು ಸಂಕಟಪಡುತ್ತಿದ್ದರು. ವಾದ್ಯ ಬಾರಿಸಿ, ಸುಸ್ತಾಗುವ ವರೆಗೆ ಕುಣಿಸಿದರೆ ವಿಷ ಇಳಿಯುತ್ತದೆಂದು ನಂಬಿಕೆ ಇತ್ತು. ಮಾಲ್ಟಾ ದ್ವೀಪದಲ್ಲಿ ಹಾವು ಕಚ್ಚಿದರೂ ಸಂತ ಪೌಲರಿಗೆ ಏನೂ ಆಗಲಿಲ್ಲ ಎಂಬುದನ್ನು ನಾವೆಲ್ಲ ಕೇಳಿದ್ದೇವೆ. ಅದಕ್ಕಾಗಿ ಗಲಾಟೀನಾ ಊರಿನ ಸಂತ ಪೌಲರ ಕಿರುದೇವಾಲಯಕ್ಕೆ ಜೂನ್ 29ರ ಹಬ್ಬದಂದು ಇಂತಹವರು ಬಂದು ಸೇರುತ್ತಿದ್ದರು. ಇಪ್ಪತ್ತನೆಯ ಶತಮಾನದಲ್ಲೂ ಇದು ನಡೆದಿತ್ತು. ಅಲ್ಲಿನವರು ದೂರುತ್ತಿದ್ದದ್ದು ಹೊಲದ ಒಂದು ದೊಡ್ಡ ಜೇಡವನ್ನು. ಅದರ ಕಡಿತದಿಂದ ಅಷ್ಟು ಸಂಕಟ ಬರುವುದಿಲ್ಲ ಎಂದು ಆಮೇಲೆ ತಿಳಿಯಿತು. ದೊಡ್ಡದಾಗಿ ಕಣ್ಣಿಗೆ ಬಿದ್ದದ್ದರ ಮೇಲೆ ತಪ್ಪು ಹೊರಿಸಿದರು, ಅಷ್ಟೇ. ನಾವೂ ಅದನ್ನೇ ಮಾಡುತ್ತೇವೆ. ಹೇಗೆಂದು ನೋಡಿ.

ಜೇಡದ ಮೇಲೆ ಹೊರಿಸುವ ರೋಗಗಳು

ಮೈಮೇಲೆ ಗುಳ್ಳೆ ಎದ್ದರೆ "ಜೇಡ ಉಚ್ಚೆ ಹೊಯ್ದದ್ದು" ಎಂದು ಹೇಳಿ ಎಲೆ ಅರೆದು ಹಚ್ಚುವುದು ನಮ್ಮಲ್ಲಿ ಬಳಕೆ. ಜೇಡ ಹಾಗೆ ಮಾಡುವುದಿಲ್ಲ. ಆ ಗುಳ್ಳೆಗಳ ಹಿಂದೆ ಇರುವ ಕಾರಣಗಳೇ ಬೇರೆ.

ಎದೆ, ಬೆನ್ನು, ಸೊಂಟ ಅಥವಾ ಮುಖದ ಒಂದೇ ಬದಿಯಲ್ಲಿ ಸಾಲಾಗಿ ನೀರುಗುಳ್ಳೆ ಎದ್ದು ಬೆಂಕಿಯಂತೆ ಉರಿದರೆ ಅದು ಸರ್ಪಸುತ್ತು. ಹಿಂದೆ ಬಂದುಹೋದ ಸೀತಾಳೆ ಸಿಡುಬಿನ ವೈರಸ್ ನರದೊಳಗೆ ಅಡಗಿದ್ದು ಮತ್ತೆ ಏಳುವುದು. ಗುಳ್ಳೆ ಕಂಡ ಮೂರು ದಿನದೊಳಗೆ ಮಾತ್ರೆ ಶುರು ಮಾಡಿದರೆ ಗುಣ ಹೆಚ್ಚು. ತಡವಾದರೆ ತಿಂಗಳುಗಟ್ಟಲೆ ನೋವು ಉಳಿಯಬಹುದು. ಕಣ್ಣಿನ ಹತ್ತಿರ ಎದ್ದರೆ ಒಂದು ದಿನವೂ ಕಾಯಬೇಡಿ.

ಬೆಳಗ್ಗೆ ಏಳುವಾಗ ಕುತ್ತಿಗೆಯಲ್ಲಿ, ಕೈಯಲ್ಲಿ ಗೆರೆ ಎಳೆದಂತೆ ಸುಟ್ಟ ಗಾಯ ಕಂಡರೆ, ಅದು ಮಳೆಗಾಲದಲ್ಲಿ ದೀಪಕ್ಕೆ ಬರುವ ಕೆಂಪು-ಕಪ್ಪು ಬಣ್ಣದ ಸಣ್ಣ ಉದ್ದ ಹುಳುವನ್ನು ಮೈಮೇಲೆ ಉಜ್ಜಿದ್ದರಿಂದ ಆದದ್ದಿರಬಹುದು. ಹುಳು ಮೈಮೇಲೆ ಕೂತರೆ ಊದಿ ಹಾರಿಸಿ, ಅರೆಯಬೇಡಿ.

ಮೂರನೆಯದು ಅಪಾಯದ್ದು. ಜ್ವರ, ತಲೆನೋವು, ಅದರ ಜೊತೆ ಕಂಕುಳು, ತೊಡೆಸಂದು, ಸೊಂಟ ಇಂತಹ ಜಾಗದಲ್ಲಿ ಸಿಗರೇಟಿನಿಂದ ಸುಟ್ಟಂತೆ ಒಂದು ಕಪ್ಪು ಹೆಕ್ಕಳೆ. ನೋವಿಲ್ಲ, ತುರಿಕೆಯಿಲ್ಲ. "ಜೇಡ ಕಚ್ಚಿದ ಕಲೆ" ಎಂದು ಬಿಟ್ಟುಬಿಡುತ್ತಾರೆ. ಇದು ಪೊದೆ, ಹುಲ್ಲುಗಳಲ್ಲಿ ಇರುವ ಕಣ್ಣಿಗೆ ಕಾಣದಷ್ಟು ಸಣ್ಣ ನುಸಿಮರಿ ಕಚ್ಚಿ ಬರುವ ಸ್ಕ್ರಬ್ ಟೈಫಸ್ ಜ್ವರದ ಗುರುತು. ಬೇಗ ತಿಳಿದರೆ ಡಾಕ್ಸಿಸೈಕ್ಲಿನ್ ಎಂಬ ಸಾಮಾನ್ಯ ಮದ್ದಿನಲ್ಲಿ ಗುಣ. ತಡವಾದರೆ ಶ್ವಾಸಕೋಶ, ಕಿಡ್ನಿ ಕೆಟ್ಟು ಜೀವ ಹೋಗಬಹುದು. ತೋಟದಲ್ಲಿ ಕೆಲಸ ಮಾಡುವವರಿಗೆ ಜ್ವರ ಬಂದರೆ ಮೈಯೆಲ್ಲ ಹುಡುಕಿ ನೋಡಿ, ಕಲೆಯಿದ್ದರೆ ವೈದ್ಯರಿಗೆ ತೋರಿಸಿ.

ನಮ್ಮ ಮನೆಯಲ್ಲಿ ನಡೆದದ್ದು

ಈಗ ಎಲ್ಲಕ್ಕಿಂತ ಮುಖ್ಯ ಮಾತು. ಇದನ್ನು ಬರೆಯಲು ನನಗೆ ಇಂದಿಗೂ ಕಷ್ಟ.

ಇಪ್ಪತ್ತು ವರ್ಷಕ್ಕೂ ಹಿಂದಿನ ಮಾತು. ಆಟಿ ತಿಂಗಳು. ನನ್ನ ತಮ್ಮ ಚಾವಡಿಯಲ್ಲಿ ನೆಲದ ಮೇಲೆ ಚಾಪೆ ಹಾಸಿ ಮಲಗಿದ್ದ. ರಾತ್ರಿ ಎರಡು ಗಂಟೆಗೆ ಎದ್ದು, "ಕೈಗೆ ಏನೋ ಚುಚ್ಚಿದ ಹಾಗಾಯಿತು" ಎಂದ. ಟಾರ್ಚು ಹಾಕಿದೆವು. ಕೈಯಲ್ಲಿ ಹೇಳುವಂತಹ ಗಾಯವಿಲ್ಲ, ಬಾವು ಇಲ್ಲ. ಗೋಡೆಯಲ್ಲಿ ಮಾತ್ರ ಒಂದು ದೊಡ್ಡ ಜೇಡ ಕೂತಿತ್ತು. "ಇದೇ ಕಚ್ಚಿದ್ದು" ಎಂದು ತೀರ್ಮಾನಿಸಿದವನು ನಾನೇ. ಜೇಡವನ್ನು ಕೊಂದವನೂ ನಾನೇ. ಅರಿಶಿನ ಅರೆದು ಹಚ್ಚಿ, "ಮಲಗು, ಬೆಳಗ್ಗೆ ಸರಿಯಾಗುತ್ತದೆ" ಎಂದೆ.

ನಾಲ್ಕು ಗಂಟೆಗೆ ಹೊಟ್ಟೆನೋವು ಎಂದ. ರಾತ್ರಿಯ ಮೀನುಸಾರು ಆಗಲಿಲ್ಲವೆಂದು ಜೀರಿಗೆ ಕಷಾಯ ಕೊಟ್ಟೆವು. ಆರು ಗಂಟೆಗೆ ಅಮ್ಮ ಕರೆದರೆ ಅವನಿಗೆ ಕಣ್ಣು ತೆರೆಯಲಾಗುತ್ತಿಲ್ಲ. ರೆಪ್ಪೆ ಜೋತುಬಿದ್ದಿತ್ತು. ಮಾತು ತೊದಲುತ್ತಿತ್ತು. ಉಗುಳು ನುಂಗಲಾಗುತ್ತಿರಲಿಲ್ಲ. ಜೀಪು ಹಿಡಿದು ಮಂಗಳೂರಿಗೆ ಓಡಿದೆವು. ದಾರಿಯಲ್ಲೇ ಉಸಿರು ಕುಗ್ಗುತ್ತ ಬಂತು. ನಾಲ್ಕು ದಿನ ಯಂತ್ರದ ಮೂಲಕ ಉಸಿರಾಡಿಸಿ, ಪ್ರತಿವಿಷ ಕೊಟ್ಟು ವೈದ್ಯರು ಅವನನ್ನು ಉಳಿಸಿದರು. ಕಚ್ಚಿದ್ದು ಕಟ್ಟುಹಾವು. ಮಲಯಾಳದಲ್ಲಿ ವೆಳ್ಳಿಕೆಟ್ಟನ್ ಎನ್ನುವುದು ಇದನ್ನೇ. "ಇನ್ನು ಅರ್ಧ ಗಂಟೆ ತಡವಾಗಿದ್ದರೆ ನಮ್ಮ ಕೈಯಲ್ಲಿರಲಿಲ್ಲ" ಎಂದು ವೈದ್ಯರು ಹೇಳಿದ ಮಾತು ಈಗಲೂ ನನ್ನ ಕಿವಿಯಲ್ಲಿದೆ. ಗೋಡೆಯ ಆ ಬಡ ಜೇಡ ಏನೂ ಮಾಡಿರಲಿಲ್ಲ.

ಕಟ್ಟುಹಾವು ರಾತ್ರಿ ತಿರುಗುವುದು, ಮನೆಯೊಳಗೂ ಬರುವುದು. ಹಲ್ಲು ತೀರಾ ಸಣ್ಣದು. ಕಚ್ಚಿದ್ದು ಕೆಲವರಿಗೆ ಎಚ್ಚರವಾಗದಷ್ಟು ಹಗುರ. ನೋವಿಲ್ಲ, ಬಾವಿಲ್ಲ. ಆದುದರಿಂದಲೇ "ಇರುವೆಯೋ, ಜೇಡವೋ" ಎಂದು ಮಲಗಿಬಿಡುತ್ತೇವೆ. ನಮ್ಮ ದೇಶದಲ್ಲಿ 2000ದಿಂದ 2019ರ ವರೆಗೆ ಹಾವು ಕಚ್ಚಿ ಸತ್ತವರು ಸುಮಾರು 12 ಲಕ್ಷ, ವರ್ಷಕ್ಕೆ ಸರಾಸರಿ 58,000 ಎಂದು ಸಂಶೋಧಕರು ಅಂದಾಜಿಸಿದ್ದಾರೆ. ಹೆಚ್ಚಿನವರು ಹಳ್ಳಿಯವರು, ಹೆಚ್ಚಿನ ಸಾವು ಮಳೆಗಾಲದಲ್ಲಿ. 2019ರ ನವೆಂಬರಿನಲ್ಲಿ ವಯನಾಡಿನ ಸುಲ್ತಾನ್ ಬತ್ತೇರಿಯಲ್ಲಿ ತರಗತಿಯ ನೆಲದ ತೂತಿನಲ್ಲಿದ್ದ ಹಾವು ಕಚ್ಚಿ ಒಬ್ಬ ಪುಟ್ಟ ವಿದ್ಯಾರ್ಥಿನಿ ತೀರಿಕೊಂಡಾಗ, ಆಸ್ಪತ್ರೆಗೆ ಸಾಗಿಸಲು ತಡವಾಯಿತೆಂದು ಕೇರಳವಿಡೀ ಮರುಗಿತು.

ಆದುದರಿಂದ ಈ ಒಂದು ನಿಯಮವನ್ನು ಮನೆಯಲ್ಲಿ ಎಲ್ಲರಿಗೂ ಹೇಳಿಕೊಡಿ: ಕಚ್ಚಿದ್ದನ್ನು ಕಣ್ಣಾರೆ ಕಾಣದಿದ್ದರೆ, ಅದರಲ್ಲೂ ರಾತ್ರಿಯಾದರೆ, ಅದು ಹಾವೆಂದೇ ತಿಳಿದು ಆಸ್ಪತ್ರೆಗೆ ಹೋಗಿ. ಕಚ್ಚಿಸಿಕೊಂಡವರಿಗೆ ಧೈರ್ಯ ಹೇಳಿ, ಕೈಕಾಲು ಅಲುಗಾಡದಂತೆ ಹಲಗೆ ಕಟ್ಟಿ, ನಡೆಸದೆ ಎತ್ತಿಕೊಂಡು ಹೋಗಿ. 108ಕ್ಕೆ ಕರೆ ಮಾಡಿ. ಅಲ್ಲಿ ವೈದ್ಯರು ಹೇಳುವಷ್ಟು ಹೊತ್ತು ನಿಗಾದಲ್ಲಿದ್ದು, ಏನೂ ಇಲ್ಲವೆಂದು ಅವರು ಹೇಳಿದರೆ ಮರಳಿ ಬನ್ನಿ. ಒಂದು ರಾತ್ರಿಯ ನಿದ್ದೆ ಹೋಯಿತು, ಅಷ್ಟೆ.

ಪ್ರತಿವಿಷವೂ ಉಸಿರಾಟದ ಯಂತ್ರವೂ ಇರುವ ಹತ್ತಿರದ ಆಸ್ಪತ್ರೆ ಯಾವುದೆಂದು ಈಗಲೇ ವಿಚಾರಿಸಿ ಇಟ್ಟುಕೊಳ್ಳಿ. 2020ರ ಮಾರ್ಚ್-ಏಪ್ರಿಲಿನಲ್ಲಿ ತಲಪಾಡಿಯ ಗಡಿ ಮುಚ್ಚಿದ್ದಾಗ ನಮ್ಮ ರೋಗಿಗಳು ಪಟ್ಟ ಪಾಡು ನಿಮಗೆ ಗೊತ್ತೇ ಇದೆ. ಮಂಗಳೂರೊಂದನ್ನೇ ನಂಬಿ ಕೂರಬಾರದು. ಪ್ರತಿ ವಾಳೆಯ ಗುರ್ಕಾರರು ಆ ಆಸ್ಪತ್ರೆಗಳ ನಂಬರುಗಳನ್ನು ಬರೆದು ಮನೆಮನೆಗೆ ಕೊಟ್ಟರೆ ದೊಡ್ಡ ಉಪಕಾರ.

ಮನೆಯಲ್ಲಿ ಪಾಲಿಸಬೇಕಾದವು

1. ನೆಲದಲ್ಲಿ ಮಲಗಬೇಡಿ. ಮಂಚ ಮತ್ತು ಹಾಸಿಗೆಯ ಅಡಿಗೆ ಮಡಚಿದ ಸೊಳ್ಳೆಪರದೆ ಹಾವು, ಜೇಡ, ಚೇಳು, ಸೊಳ್ಳೆ ಎಲ್ಲಕ್ಕೂ ತಡೆ.

2. ಕಟ್ಟಿಗೆ, ಮಡಲು, ಸೋಗೆ, ತೆಂಗಿನ ಸಿಪ್ಪೆಯ ರಾಶಿಯನ್ನು ಮನೆಯ ಗೋಡೆಗೆ ತಾಗಿಸಿ ಇಡಬೇಡಿ. ತೆಗೆಯುವಾಗ ಮೊದಲು ಕೋಲಿನಿಂದ ತಟ್ಟಿ, ಆಮೇಲೆ ಕೈ ಹಾಕಿ.

3. ಗಂಬೂಟು, ಚಪ್ಪಲಿ, ಒಣಗಲು ಹಾಕಿದ ಬಟ್ಟೆಯನ್ನು ಕೊಡವಿಯೇ ಹಾಕಿಕೊಳ್ಳಿ.

4. ಬಚ್ಚಲಿಗೆ, ಹಟ್ಟಿಗೆ ಕತ್ತಲಲ್ಲಿ ಹೋಗುವಾಗ ಟಾರ್ಚು ಇರಲಿ.

5. ಬಾಗಿಲಿನ ಅಡಿಯ ಸಂದು, ಬಚ್ಚಲಿನ ನೀರು ಹೋಗುವ ತೂತು ಇವುಗಳಿಗೆ ಪಟ್ಟಿ ಅಥವಾ ಬಲೆ ಹಾಕಿ.

6. ಪಾಗಾರದ ಕಲ್ಲು, ಹಳೆಯ ಹಂಚು ಜೋಡಿಸುವಾಗ ದಪ್ಪ ಕೈಗವಸು ಹಾಕಿ.

7. ದೊಡ್ಡ ಜೇಡ ಕಂಡರೆ ಮಕ್ಕಳನ್ನೂ ನಾಯಿ-ಬೆಕ್ಕುಗಳನ್ನೂ ದೂರವಿಟ್ಟು, ಬಕೆಟ್ ಕವುಚಿ ರಟ್ಟು ಸರಿಸಿ ಹೊರಗೆ ಬಿಡಿ. ಬರಿಗೈ ಬೇಡ. ಧೈರ್ಯ ಸಾಲದಿದ್ದರೆ ಆ ಕೋಣೆಯ ದೀಪ ಆರಿಸಿ, ಹೊರಗಿನ ಬಾಗಿಲು ತೆರೆದಿಟ್ಟು, ಒಳಬಾಗಿಲು ಮುಚ್ಚಿ ಬಿಡಿ. ಅದಕ್ಕೂ ಹೊರಗೆ ಹೋಗುವುದೇ ಬೇಕು.

8. ವಿಷದ ಮದ್ದು ಹೊಡೆಯಬೇಡಿ. ಗೇರು ತೋಟಗಳ ಮೇಲೆ 2000ದ ವರೆಗೆ ಹೆಲಿಕಾಪ್ಟರಿನಿಂದ ಸುರಿದ ಎಂಡೋಸಲ್ಫಾನ್ ಏನು ಮಾಡಿತೆಂದು ಕಂಡ ಊರು ನಮ್ಮದು. ಇದರ ಮೇಲೆ ಹೆಚ್ಚು ಹೇಳಬೇಕಿಲ್ಲ.

ಕೊಲ್ಲಬಾರದು ಯಾಕೆ?

ಈ ಜೇಡ ತಿನ್ನುವುದು ಜಿರಳೆ, ಮಿಡತೆ, ದುಂಬಿ, ಚಿಟ್ಟೆಹುಳುಗಳನ್ನು. ಬೆಳೆಯನ್ನೂ ಕಾಳನ್ನೂ ಹಾಳುಮಾಡುವವನ್ನು ಕೂಲಿಯಿಲ್ಲದೆ ಕಡಿಮೆ ಮಾಡುವ ಕಾವಲುಗಾರ ಇದು. ಇದೆಲ್ಲಕ್ಕಿಂತ, ಇವು ಅಪರೂಪವಾಗುತ್ತಿವೆ. ನಮ್ಮಂತೆಯೇ ಗಡಿಯ ಕನ್ನಡಿಗರಿರುವ ರಾಯದುರ್ಗ, ಮಡಕಶಿರಾ ಸೀಮೆಗೆ ದೂರವಲ್ಲದ ಗುತ್ತಿ ಎಂಬ ಊರಿದೆ. ಅಲ್ಲಿನ ರೈಲ್ವೆ ಮರದ ಡಿಪೋದಲ್ಲಿ ಸಿಕ್ಕಿದ ಕಡು ನೀಲಿ ಬಣ್ಣದ ಒಂದೇ ಒಂದು ಟರಾಂಟುಲಾವನ್ನು ನೋಡಿ 1899ರಲ್ಲಿ ಪೊಕಾಕ್ ಎಂಬ ವಿಜ್ಞಾನಿ ಅದಕ್ಕೆ ಹೆಸರಿಟ್ಟರು. ಆಮೇಲೆ ನೂರು ವರ್ಷ ಅದು ಯಾರ ಕಣ್ಣಿಗೂ ಬೀಳಲಿಲ್ಲ. 2001ರಲ್ಲಿ ನಂದ್ಯಾಲ ಮತ್ತು ಗಿದ್ದಲೂರಿನ ನಡುವಿನ ಕಾಡಿನಲ್ಲಿ ಮತ್ತೆ ಕಂಡುಬಂತು. ರೈಲಿನಲ್ಲಿ ಬಂದ ಮರದೊಳಗೆ ಕುಳಿತು ಅದು ಗುತ್ತಿಗೆ ಬಂದಿರಬೇಕು! ಈಗ ಅದು ಅಳಿವಿನ ಅಂಚಿನಲ್ಲಿದೆ. ಮರದಲ್ಲಿ ಇರುವ ಈ ಚಿತ್ತಾರದ ಜೇಡಗಳನ್ನು ಸಾಕಲು ಕೊಳ್ಳುವವರು ಹೊರದೇಶಗಳಲ್ಲಿ ಇರುವುದರಿಂದ, ಈ ಇಡೀ ಕುಲದ ಅಂತಾರಾಷ್ಟ್ರೀಯ ವ್ಯಾಪಾರಕ್ಕೆ 2019ರಲ್ಲಿ ಕಡಿವಾಣ ಬಿತ್ತು. ಯಾರಾದರೂ ಬಂದು ದುಡ್ಡು ಕೊಡುತ್ತೇನೆ, ಹಿಡಿದುಕೊಡಿ ಎಂದರೆ ಒಪ್ಪಬೇಡಿ.

ಕಾಫಿ ಮುಗಿದ ಮೇಲೆ ನೆರೆಮನೆಯ ಹುಡುಗ ಕೊನೆಯದಾಗಿ ಕೇಳಿದ: "ಹಾಗಾದರೆ ಅಂಕಲ್, ಹೆದರಬೇಕಾದದ್ದು ಯಾವುದಕ್ಕೆ?"

"ಗೋಡೆಯ ಮೇಲೆ ಕಾಣುವುದಕ್ಕೆ ಅಲ್ಲ ಮಗಾ, ಕತ್ತಲಲ್ಲಿ ಕಾಣದೆ ಚುಚ್ಚಿದ್ದಕ್ಕೆ. ಅದಕ್ಕಿಂತಲೂ, ಇದು ಏನೂ ಅಲ್ಲ ಎಂದು ಮಲಗಿಸುವ ನನ್ನಂತಹವರ ಮಾತಿಗೆ" ಎಂದೆ.

ಅವರ ಮನೆಯ ಅಜ್ಜಿ ನೆಲದ ಚಾಪೆ ಬಿಟ್ಟು ಮಂಚಕ್ಕೆ ಬರಲು ಇನ್ನೂ ಒಪ್ಪಿಲ್ಲವಂತೆ. ಈ ಲೇಖನವನ್ನು ಅವರಿಗೆ ಓದಿ ಹೇಳಲು ಹುಡುಗನಿಗೆ ತಿಳಿಸಿದ್ದೇನೆ. ನಿಮ್ಮ ಮನೆಯ ಹಿರಿಯರಿಗೂ ಓದಿ ಹೇಳಿ.